ನಿಂತ ನೆಲ

ನಮ್ಮೂರಲ್ಲಿ ಗಡಿಯಾರ ರಿಪೇರಿ ಮಾಡುವವನ ಪಾಡು ಎಂಥದೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು, ಇನ್ನೇನು ಕೂರಿಸಬೇಕು ಅನ್ನುವಷ್ಟರಲ್ಲಿ ನೆಲ ಮೇಲಕ್ಕೆ ಏಳುತ್ತದೆ. ಜಾಸ್ತಿಯೇನಲ್ಲ, ಒಂದು ಬೆರಳಿನ ದಪ್ಪದಷ್ಟು. ಹದಿಮೂರು ಎಣಿಸುವಷ್ಟು ಹೊತ್ತು ಏಳುತ್ತದೆ, ಮತ್ತೆ ಹದಿಮೂರು ಎಣಿಸುವಷ್ಟು ಹೊತ್ತು ಇಳಿಯುತ್ತದೆ, ನಡುವೆ ಒಂದೇ ಒಂದು ಕ್ಷಣ ಸುಮ್ಮನಿರುತ್ತದೆ. ನನ್ನ ಕೈಕೆಲಸವೆಲ್ಲ ಆ ಒಂದು ಕ್ಷಣದಲ್ಲಿ ಆಗಬೇಕು. ಬೇರೆ ಊರಿನವನು ಅರ್ಧ ದಿನದಲ್ಲಿ ಮುಗಿಸುವ ಕೈಗಡಿಯಾರಕ್ಕೆ ನನಗೆ ನಾಲ್ಕು ದಿನ ಹಿಡಿಯುತ್ತಿತ್ತು.

ನೆಲ ಯಾಕೆ ಉಸಿರಾಡುತ್ತದೆ ಎಂದು ನಾವು ಯಾರೂ ಕೇಳಿದವರಲ್ಲ. ಹುಟ್ಟಿದಾಗಿನಿಂದ ಬೆನ್ನಿಗೆ ಗೊತ್ತಿರುವ ಸಂಗತಿಯನ್ನು ಬಾಯಿಬಿಟ್ಟು ಕೇಳುವುದು ಹೇಗೆ? ನಮ್ಮ ಮನೆಗಳ ಗೋಡೆಗಳು ಮೂಲೆಯಲ್ಲಿ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸಂದು ಬಿಟ್ಟು ಹಗ್ಗದ ಹುರಿ ತುಂಬುತ್ತೇವೆ. ಕೂಸುಗಳಿಗೆ ತೊಟ್ಟಿಲು ಕಟ್ಟುವ ಪದ್ಧತಿಯಿಲ್ಲ, ಕೌದಿ ಹಾಸಿ ನೆಲಕ್ಕೆ ಮಲಗಿಸಿದರೆ ತಾವೇ ನಿದ್ದೆ ಹೋಗುತ್ತವೆ. ಕೆರೆಯ ಉಸಿರು ನೆಲದ ಉಸಿರಿಗಿಂತ ದೊಡ್ಡದು. ಮೂರು ಮೆಟ್ಟಿಲು ಮುಳುಗುತ್ತವೆ, ಮೂರು ಮೆಟ್ಟಿಲು ಬಯಲಾಗುತ್ತವೆ. ನೀರಿಗೆ ಹೋದ ಹೆಂಗಸರು ಬಗ್ಗುವುದಿಲ್ಲ, ಕೊಡ ಇಟ್ಟುಕೊಂಡು ನಿಲ್ಲುತ್ತಾರೆ, ನೀರೇ ಬಂದು ತುಂಬಿಸಿ ಹೋಗುತ್ತದೆ. ಯಾರಾದರೂ ಅವಸರ ಮಾಡಿದರೆ "ಎರಡು ಉಸಿರು ತಡಿ" ಅನ್ನುತ್ತೇವೆ.

ಇಂಥ ಊರಲ್ಲಿ ಹೊಸದಾಗಿ ಏನು ಕಟ್ಟಬೇಕಾದರೂ, ಏನು ಅಗೆಯಬೇಕಾದರೂ ಮೊದಲು ಒಬ್ಬ ಮನುಷ್ಯ ಆ ಜಾಗದ ಮೇಲೆ ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವ ತನಕ ಕೂಡಬೇಕು. ಚಾಪೆ ಹಾಸುವಂತಿಲ್ಲ, ಏಳುವಂತಿಲ್ಲ, ಮಾತಾಡುವಂತಿಲ್ಲ. ಮರುದಿನ ಊರಕಟ್ಟೆಯ ಮೇಲೆ ಬಂದು, ಕೂತಲ್ಲಿ ತನ್ನ ಮೈಗೆ ಆದದ್ದನ್ನು ಹೇಳಬೇಕು. ಅವನ ಮಾತೇ ಕೊನೆ. ಯಾರಿಗಾದರೂ ಅನುಮಾನ ಬಂದರೆ ಅನುಮಾನ ಪಟ್ಟವನೇ ಹೋಗಿ ಕೂಡಬೇಕು. ಆಮೇಲೆ ಅವನ ಮಾತು ನಡೆಯುತ್ತದೆ. ಇಡೀ ದಿನ ಬಿಸಿಲಲ್ಲಿ ಕೂಡುವ ಉಸಾಬರಿ ಯಾರಿಗೆ ಬೇಕು? ಹಾಗಾಗಿ ಬಹಳ ವರ್ಷ ಯಾರೂ ಅನುಮಾನ ಪಟ್ಟಿರಲಿಲ್ಲ. ಎಣಿಸುವ ಅಭ್ಯಾಸ ಇದ್ದವನೆಂದು ಹನ್ನೊಂದು ವರ್ಷಗಳಿಂದ ಆ ಕೆಲಸಕ್ಕೆ ಊರವರು ನನ್ನನ್ನೇ ಕರೆಯುತ್ತಿದ್ದರು. ಗಡಿಯಾರದ ವಿರುಪಣ್ಣ ಕೂತು ಹೇಳಿದ ಮೇಲೆ ಮುಗಿಯಿತು ಅನ್ನುವಂಥ ಹೆಸರು ನನ್ನದು. ಆ ಹೆಸರಿನ ಜಂಬ ನನಗೆ ಸಾಕಷ್ಟಿತ್ತು.

ಎಣ್ಣೆ ಶುದ್ಧಮಾಡುವ ಕಾರ್ಖಾನೆ ಬಂದದ್ದು ಊರಿನ ಗಡಿಯಾಚೆ, ಪಡುವಣಕ್ಕೆ. ಗಡಿಯಾಚೆಯ ನೆಲಕ್ಕೆ ನಾವು ಕೂಡುವುದಿಲ್ಲವಾದ್ದರಿಂದ ಯಾರೂ ಕೂಡಲಿಲ್ಲ. ಕಾರ್ಖಾನೆಯವರು ಬಂಡೆ ಸಿಗುವ ತನಕ ಕಬ್ಬಿಣದ ಕಂಬ ಇಳಿಸಿ ಅದರ ಮೇಲೆ ತಮ್ಮ ಗೋಪುರಗಳನ್ನು ನಿಲ್ಲಿಸಿದರು. ಕಾರ್ಖಾನೆ ಕಕ್ಕಿದ ಕಪ್ಪು ರಾಡಿಯನ್ನು ತುಂಬಲು ಗಡಿಗೆ ಹೊಂದಿಕೊಂಡೇ ಒಂದು ದೊಡ್ಡ ಹೊಂಡ ತೆಗೆದರು. ವಾಸನೆಗೆ ಮೊದಲು ತಲೆನೋವು ಬರುತ್ತಿತ್ತು, ಆರು ತಿಂಗಳಿಗೆ ಅದೂ ರೂಢಿಯಾಯಿತು.

ಮೂರು ಮಳೆಗಾಲ ಕಳೆದ ಮೇಲೆ ದನ ಕಾಯುವವರು ಒಂದು ಸುದ್ದಿ ತಂದರು. ಹೊಂಡದ ಈಚೆಗೆ, ನಮ್ಮ ಗಡಿಯ ಒಳಗೆ, ನೆಲ ಅಲುಗಾಡುತ್ತಿಲ್ಲ. ತುಂಬಿದ ತಂಬಿಗೆ ಇಟ್ಟರೆ ತುಳುಕುತ್ತಿಲ್ಲ. ಊರಿಗೆ ಊರೇ ಹೋಗಿ ನೋಡಿತು. ಅಕ್ಕಸಾಲಿ ಮೌನೇಶಾಚಾರ್ಯರು ತಮ್ಮ ತಕ್ಕಡಿಯನ್ನೇ ತಂದು ನೇತುಹಾಕಿದರು. ನಲವತ್ತು ವರ್ಷ ಚಿನ್ನ ತೂಗಿದ ಮನುಷ್ಯ, ತಕ್ಕಡಿಯ ಮುಳ್ಳು ನಿಂತದ್ದನ್ನು ಅವರು ನೋಡಿದ್ದು ಅದೇ ಮೊದಲು. ಅಲ್ಲಿ ಅಂಗಡಿಸಾಲು ಕಟ್ಟೋಣ ಎಂದು ಮಾತಾಯಿತು, ನನ್ನನ್ನು ಕೂಡಲು ಕರೆದರು.

ಆ ದಿನದ ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ಹೊತ್ತು ಹುಟ್ಟುವಾಗ ಕೂತೆ, ಎಣಿಸತೊಡಗಿದೆ. ಹದಿಮೂರಾಯಿತು, ನೆಲ ಏಳಲಿಲ್ಲ. ನೂರಾಯಿತು, ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಣಿಕೆಯನ್ನೇ ಬಿಟ್ಟೆ. ಹುಟ್ಟಿದ ನಲವತ್ತಾರು ವರ್ಷಗಳಲ್ಲಿ ಮೊದಲ ಸಲ ನನ್ನ ಮೈ ಸುಮ್ಮನೆ ಕೂತಿತ್ತು. ಹಕ್ಕಿಯ ದನಿ ಕೂಡ ಇರಲಿಲ್ಲ. ಒಂದು ಇರುವೆ ಕಚ್ಚಲಿಲ್ಲ, ಒಂದು ನೊಣ ಮುಖದ ಮೇಲೆ ಕೂಡಲಿಲ್ಲ. ದೊಡ್ಡದೊಂದರ ಎದುರಿಗೆ ಬಂದಿದ್ದೇನೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಹೊತ್ತು ಮುಳುಗಿದಾಗ ಆ ನೆಲಕ್ಕೆ ಅಡ್ಡಬಿದ್ದು ಎದ್ದೆ. ಮರುದಿನ ಕಟ್ಟೆಗೆ ಹೋಗಿ, ನೆಲ ನಿಂತಿದೆ, ಗಟ್ಟಿಯಿದೆ, ಕಟ್ಟಿರಿ ಎಂದು ಹೇಳಿದೆ.

ಕಟ್ಟಿದರು. ಅದಕ್ಕೆ ಗಟ್ಟಿಪೇಟೆ ಅಂತ ಹೆಸರೂ ಬಿತ್ತು. ಮೊದಲ ಅಂಗಡಿ ನನ್ನದು, ಎರಡನೆಯದು ಮೌನೇಶಾಚಾರ್ಯರದು. ಇಬ್ಬರೂ ಅಂಗಡಿಯ ಹಿಂದೆಯೇ ಮನೆ ಮಾಡಿಕೊಂಡೆವು. ಮಕ್ಕಳ ಅಕ್ಷರ ನೆಟ್ಟಗಾಗಲಿ ಎಂದು ಶಾಲೆಯನ್ನೂ ಅಲ್ಲಿಗೆ ತಂದರು. ನಾನು ದಿನಕ್ಕೆ ಎರಡು ಗಡಿಯಾರ ಮುಗಿಸತೊಡಗಿದೆ. ಮಿಠಾಯಿ ಅಂಗಡಿಯವನು ಬೆಲ್ಲದಚ್ಚನ್ನು ಬಯಲಲ್ಲೇ ಇಡುತ್ತಿದ್ದ, ಇರುವೆಯ ಕಾಟವಿಲ್ಲ. ಕಾಗದಪತ್ರಕ್ಕೆ ಗೆದ್ದಲಿಲ್ಲ. ಶಾಲೆಯ ಅಂಗಳಕ್ಕೆ ಗಾಳಿ ತಂದುಹಾಕಿದ ಬೇವಿನೆಲೆ ವರ್ಷವಾದರೂ ಕೊಳೆಯದೆ, ಬಿದ್ದ ಹಾಗೇ ಬಿದ್ದಿರುತ್ತಿತ್ತು. ಎಂಥ ಶುದ್ಧ ಜಾಗ ನೋಡಿ ಎಂದು ನಾವು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದೆವು. ಪಾಠಕ್ಕೆಂದು ಮಕ್ಕಳು ಊರಿದ ಅವರೆಕಾಳು ಮೊಳಕೆಯೊಡೆದು, ಉಗುರಿನಷ್ಟು ಬೇರು ಬಿಟ್ಟು, ಬೇರಿನ ತುದಿ ಕಪ್ಪಾಗಿ ಅಲ್ಲೇ ನಿಂತಿತು. ಅದಕ್ಕೆ ನಾವು ಬೀಜ ಹಳೆಯದು ಅಂದೆವು. ಮಳೆ ನೀರು ಮಣ್ಣಿಗೆ ಇಳಿಯದೆ, ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತಿತ್ತು. ಕೆಸರಾಗುವುದಿಲ್ಲ ಎಂದು ಖುಷಿಪಟ್ಟೆವು.

ಖುಷಿಪಡದವಳು ಒಬ್ಬಳೇ, ನನ್ನ ಅಕ್ಕ ದಾನವ್ವ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಟ್ಟಿಪೇಟೆಯ ಇಳಿಜಾರು ಮುಗಿದು ಕೆರೆ ಶುರುವಾಗುವಲ್ಲಿ ಅವಳಿಗೆ ಹತ್ತು ಗುಂಟೆ ಹೊಲವಿತ್ತು. ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪು ಬೆಳೆದು ಮಾರುವುದೇ ಅವಳ ಬದುಕು. ಒಂದು ದಿನ ನೇರ ನನ್ನ ಅಂಗಡಿಗೆ ಬಂದವಳು, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಸಗಣಿ ಹೆಂಟೆಯನ್ನು ನನ್ನ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರಗಳ ನಡುವೆ ಇಟ್ಟಳು. ಶಾಲೆಯ ಹಿಂದೆ ಬಿದ್ದು ನಾಲ್ಕು ತಿಂಗಳಾಗಿತ್ತಂತೆ.

"ನೋಡು ವಿರುಪಾ, ಇದನ್ನ ತಿನ್ನಾಕ ಒಂದು ಹುಳಾನೂ ಬಂದಿಲ್ಲ" ಅಂದಳು. "ಸಗಣಿ ಮಣ್ಣಾಗದ ನೆಲಾನ ಗಟ್ಟಿ ಅಂತೀರಿ ನೀವು."

ನಾನು ನಕ್ಕುಬಿಟ್ಟೆ. ಹುಳ ಇಲ್ಲದ್ದಕ್ಕೆ ಅಳುವವಳು ನೀನೊಬ್ಬಳೇ ಅಕ್ಕ, ಅಂದೆ. ಗಿರಾಕಿಗಳ ಎದುರಿಗೆ ನನ್ನ ಮರ್ಯಾದೆ ತೆಗೆದಳೆಂದು ಸಿಟ್ಟೂ ಬಂದಿತ್ತು. ಅವಳು ಆ ಹೆಂಟೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಆಮೇಲೆ ಎರಡು ವರ್ಷ ನನ್ನ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾತ್ರ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು.

ಆ ಎರಡು ವರ್ಷಗಳಲ್ಲಿ ಕೆರೆಯಿಂದ ಒಂದೊಂದೇ ಸುದ್ದಿ ಬರುತ್ತಿತ್ತು. ನೀರಿನಲ್ಲಿ ಕುಪ್ಪಳಿಸುವ, ಸಾಸಿವೆಗಿಂತ ಸಣ್ಣ ಹುಳಗಳಿರುತ್ತವಲ್ಲ, ಅವು ಮೊದಲು ಕಾಣದಾದವು. ಅವನ್ನು ತಿನ್ನುವ ಮರಿಮೀನು ಆಮೇಲೆ. ಕಪ್ಪೆಯ ಮೊಟ್ಟೆ ಬೆಳ್ಳಗಾಗಿ ದಡಕ್ಕೆ ಬಂದು ಬೀಳುತ್ತಿತ್ತು, ಒಡೆದ ಕೆಲವು ಮರಿಗಳಿಗೂ ಬಾಲ ಸೊಟ್ಟ. ದೊಡ್ಡ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವಂತೆ, ಪಡುವಣ ದಂಡೆಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತಂತೆ. ಆ ಕಡೆಯ ಸೋಪಾನದಲ್ಲಿ ಈಗ ಮೂರಲ್ಲ, ಒಂದೂವರೆ ಮೆಟ್ಟಿಲು ಮಾತ್ರ ಮುಳುಗುತ್ತದೆ ಎಂದು ಹೆಂಗಸರು ಅಂದರು. ನೀರಿಗೆ ಬಗ್ಗುವುದನ್ನು ಅವರು ಕಲಿತುಕೊಂಡರು. ನಾನು ಎಲ್ಲವನ್ನೂ ಕೇಳಿದೆ, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕೊಟ್ಟ ಮಾತು ಸುಳ್ಳಾಗುವಂಥದ್ದು ಯಾವುದೂ ನನಗೆ ಬೇಕಿರಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಸುದರ್ಶನ ಸಾಹೇಬರು ಕಟ್ಟೆಗೆ ಬಂದರು. ಮೆತ್ತಗಿನ ಮಾತಿನ ಮನುಷ್ಯ, ನೆಲ ಎದ್ದಾಗೆಲ್ಲ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು. ಹಳೆಯ ಹೊಂಡ ತುಂಬಿದೆ, ಗಟ್ಟಿಪೇಟೆಗೂ ಕೆರೆಗೂ ನಡುವಿನ ಇಳಿಜಾರಿನಲ್ಲಿ ಇನ್ನೊಂದು ಹೊಂಡಕ್ಕೆ ಒಪ್ಪಿಗೆ ಕೊಡಿ ಎಂದರು. ರಾಡಿಯಲ್ಲಿ ಇರುವುದೆಲ್ಲ ಮಿತಿಯೊಳಗೇ ಇದೆ ಎಂದು ಕಾಗದ ತೋರಿಸಿದರು. ಒಪ್ಪಿದರೆ ಗಟ್ಟಿಪೇಟೆಯಲ್ಲಿ ಆಸ್ಪತ್ರೆ ಕಟ್ಟಿಸಿಕೊಡುತ್ತೇವೆ, ಕಣ್ಣಿನ ಆಪರೇಷನ್ ಕೂಡ ಅಲ್ಲೇ ಆಗುತ್ತದೆ ಎಂದರು.

ಆ ಮಾತಿಗೆ ಕಟ್ಟೆಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಅಲುಗಾಡುವ ನೆಲದ ಮೇಲೆ ಕಣ್ಣಿಗೆ ಕತ್ತಿ ಹಾಕುವ ಡಾಕ್ಟರು ಎಲ್ಲಿದ್ದಾನೆ? ಮೌನೇಶಾಚಾರ್ಯರಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯದಂತಾಗಿತ್ತು. ಹೊರಗಿನ ಊರಿಗೆ ಹೋಗೋಣವೆಂದರೆ ಮೂರು ದಿನದ ದಾರಿ, ಅವರದು ಎದೆನೋವಿನ ಶರೀರ. ಚಿನ್ನದ ಕೆಲಸ ನಿಂತು ವರ್ಷವಾಗಿತ್ತು. ಆದರೂ ದಿನಾ ಅಂಗಡಿಗೆ ಬಂದು, ಬೆಂಕಿಯಿಲ್ಲದ ಕುಲುಮೆಯ ಮುಂದೆ ಕೂತು ಇಕ್ಕಳವನ್ನು ಒರೆಸುತ್ತಿದ್ದರು. ಸಾಹೇಬರು ಆಪರೇಷನ್ ಅಂದಾಗ ಆಚಾರ್ಯರು ಕತ್ತು ಎತ್ತಿದ ರೀತಿಯನ್ನು ನಾನು ನೋಡಿದೆ. ಕೂಡಲು ನಾನು ಒಪ್ಪಿಕೊಂಡೆ. ಒಳಗೊಳಗೇ ಏನು ಹೇಳಬೇಕೆಂದೂ ನಿಶ್ಚಯಿಸಿಕೊಂಡೆ.

ಆದರೆ ಹೊಂಡ ಬರುವುದು ಅಕ್ಕನ ಹೊಲದ ನೆತ್ತಿಯ ಮೇಲೆ. ಅಲ್ಲಿಂದ ಜಿನುಗಿದ್ದೆಲ್ಲ ಅವಳ ಹೊಲದ ಮೂಲಕವೇ ಕೆರೆಗೆ ಇಳಿಯಬೇಕು. ಅವಳ ಕೈಯಲ್ಲಿ ಬೇರೆ ಕಸುಬಿಲ್ಲ, ಊರಿಗೆ ಬೇರೆ ನೀರಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತ ಅಲ್ಲ. ಮೌನೇಶಾಚಾರ್ಯರ ಮುಖ ಕಣ್ಣೆದುರಿಗಿತ್ತು, ಅಕ್ಕನ ಮುಖ ನೋಡಿ ಎರಡು ವರ್ಷವಾಗಿತ್ತು.

ಬೆಳಗಿನ ಜಾವ ಇಳಿಜಾರಿಗೆ ಹೋದಾಗ ಅಕ್ಕ ಆಗಲೇ ಮಡಿಗಳಿಗೆ ನೀರು ಕಟ್ಟುತ್ತಿದ್ದಳು. ಸೊರಗಿಹೋಗಿದ್ದಳು. ಮೆಂತ್ಯದ ಮಡಿಗಳಲ್ಲಿ ಪಡುವಣ ದಿಕ್ಕಿನ ಎರಡು ಸಾಲು ಹಳದಿಯಾಗಿದ್ದವು. ನನ್ನನ್ನು ಕಂಡು ಸನಿಕೆ ಊರಿ ನಿಂತಳು.

"ನನ್ನ ಸಲುವಾಗಿ ಏನೂ ಹೇಳಬ್ಯಾಡ" ಅಂದಳು. "ಆಚಾರ್ರ ಸಲುವಾಗೂ ಹೇಳಬ್ಯಾಡ. ಮೈಗೆ ಆದದ್ದು ಹೇಳು, ಸಾಕು."

ಕೂತೆ. ಎಡಕ್ಕೆ ಗಟ್ಟಿಪೇಟೆ, ಬಲಕ್ಕೆ ಕೆರೆ. ನೆಲ ಎದ್ದಿತು, ಇಳಿಯಿತು. ಬಹಳ ದಿನಗಳ ಮೇಲೆ ಆ ಉಸಿರು ಮೈಗೆ ತಾಗಿ, ಮರೆತ ಮನೆಯ ಹೊಸ್ತಿಲು ದಾಟಿದ ಹಾಗೆ ಅನ್ನಿಸಿತು. ಎಣಿಸಿದೆ, ಹದಿಮೂರು. ಎರಡು ತೊಡೆಗೂ ಒಂದೇ ಸಮ. ಬಿಸಿಲೇರುವ ಹೊತ್ತಿಗೆ ಎಡತೊಡೆ ಸ್ವಲ್ಪ ಹಿಂದೆ ಬಿದ್ದ ಹಾಗೆ ಕಂಡಿತು. ಬಲಕ್ಕೆ ಹದಿಮೂರಾದರೆ ಎಡಕ್ಕೆ ಹದಿನಾಲ್ಕು. ಗಡಿಯಾರ ನಿಧಾನವಾಗುವುದನ್ನು ಮೂವತ್ತು ವರ್ಷ ಕಿವಿಯಲ್ಲಿ ಹಿಡಿದವನು ನಾನು, ನನಗೆ ಇದರಲ್ಲಿ ತಪ್ಪುವುದಿಲ್ಲ. ಹದಿನಾರಾಯಿತು. ಹತ್ತೊಂಬತ್ತಾಯಿತು. ಎಡಗಡೆ ನೆಲ ಏಳಲು ಹೋಗಿ, ಅರ್ಧಕ್ಕೆ ನಿಂತು, ನಡುಗಿ ಇಳಿಯುತ್ತಿತ್ತು. ಅವ್ವನ ಕೊನೆಯ ದಿನ ಅವಳ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ ನಾನು. ಅದೇ ಇದು ಎಂದು ಕೈಗೆ ಗೊತ್ತಾಯಿತು, ತಲೆಗೆ ಆಮೇಲೆ ಗೊತ್ತಾಯಿತು. ನಡುಮಧ್ಯಾಹ್ನಕ್ಕೆ ಎಡತೊಡೆಯ ಕೆಳಗೆ ಒಂದು ಸಲ ಎದ್ದ ನೆಲ ಇಳಿಯಿತು, ಮತ್ತೆ ಏಳಲಿಲ್ಲ. ಬಲಗಡೆ ಇನ್ನೂ ಉಸಿರಾಡುತ್ತಿತ್ತು. ಉಸಿರು ಇದ್ದದ್ದಕ್ಕೂ ಇಲ್ಲದ್ದಕ್ಕೂ ನಡುವಿನ ಗೆರೆಯ ಮೇಲೆ ನಾನು ಕೂತಿದ್ದೆ, ಮತ್ತು ಆ ಗೆರೆ ಸರಿಯುತ್ತಿತ್ತು. ಗಟ್ಟಿಪೇಟೆಯಲ್ಲಿ ನನಗೆ ಆದದ್ದು ಶಾಂತಿಯಲ್ಲ ಎಂದು ಆಗ ತಿಳಿಯಿತು. ಅಲ್ಲಿಗೆ ನಾನು ಎಲ್ಲ ಮುಗಿದ ಮೇಲೆ ಹೋಗಿದ್ದೆ.

ಆಮೇಲೆ ಅವು ಬಂದವು. ಮೊದಲು ಎಡಗಾಲಿನ ಹತ್ತಿರ ಒಂದು ಎರೆಹುಳು ಮೇಲೆ ಬಂತು. ಬಿಸಿಲಿಗೆ ಎರೆಹುಳು ಎಂದಾದರೂ ಬರುತ್ತದೆಯೇ? ಮೈಯಲ್ಲಿ ಅಲ್ಲಲ್ಲಿ ದಾರ ಬಿಗಿದ ಹಾಗೆ ಗಂಟು, ನಡುವೆ ಊದಿಕೊಂಡಿತ್ತು. ಅದರ ಹಿಂದೆ ಇನ್ನೊಂದು, ಆಮೇಲೆ ಹತ್ತು, ಆಮೇಲೆ ಎಣಿಸಲಾಗಲಿಲ್ಲ. ಮಣ್ಣು ಸಣ್ಣಗೆ ಕುದಿಯತೊಡಗಿತು. ಸಹಸ್ರಪದಿಗಳು, ಸಗಣಿಹುಳಗಳು, ಬಾಯಲ್ಲಿ ಬಿಳಿ ಮೊಟ್ಟೆ ಕಚ್ಚಿಕೊಂಡ ಇರುವೆಗಳು, ರೆಕ್ಕೆ ಬರದ ಗೆದ್ದಲು, ನೂಲಿನೆಳೆಯಂಥ ಬಿಳಿ ಹುಳಗಳು, ಹೆಸರು ಗೊತ್ತಿಲ್ಲದವು, ಕಣ್ಣೇ ಇಲ್ಲದವು, ಧೂಳಿನ ಕಣವೆಂದು ತಿಳಿದರೆ ಕಾಲು ಬಿಚ್ಚಿ ನಡೆದವು. ಎಲ್ಲ ಎಡದಿಂದ ಬಲಕ್ಕೆ ಹೊರಟಿದ್ದವು. ದಾರಿಗೆ ಅಡ್ಡ ನಾನಿದ್ದೆ. ನನ್ನನ್ನು ಬಳಸಿ ಹೋಗಲು ಅವುಗಳಿಗೆ ವ್ಯವಧಾನವಿರಲಿಲ್ಲ. ಕಾಲ ಮೇಲೆ ಹತ್ತಿದವು, ಮಡಿಲಲ್ಲಿ ಇಳಿದವು, ಅಂಗೈ ಮೇಲೆ ಹಾದವು. ಒಂದೂ ಕಚ್ಚಲಿಲ್ಲ. ಇಷ್ಟು ದೊಡ್ಡ ಊರು ನಮ್ಮ ಕಾಲ ಕೆಳಗಿತ್ತು, ಇಷ್ಟು ಜನ ಸೇರಿ ನಮ್ಮನ್ನು ಎತ್ತಿ ಇಳಿಸುತ್ತಿದ್ದರು ಅಂದುಕೊಂಡಾಗ ನನ್ನ ಉಸಿರೇ ಕಟ್ಟಿತು. ಹೆದರಿಕೆಯಲ್ಲ, ನಾಚಿಕೆ. ಅದಕ್ಕಿಂತ ದೊಡ್ಡದಾಗಿ, ಬೆರಗು. ಅಲುಗಾಡಿದರೆ ಯಾವುದಾದರೂ ಜಜ್ಜಿಹೋದೀತೆಂದು ನಾನು ಕಲ್ಲಾಗಿ ಕೂತೆ.

ಸಂಜೆಗೆ ಅಕ್ಕ ಬಂದಳು. ನನ್ನ ಮಡಿಲನ್ನೂ ಮಣ್ಣನ್ನೂ ನೋಡಿದಳು. ಸನಿಕೆ ತಂದು ನನ್ನ ಬಲಕ್ಕೆ ಒಂದು ಕಾಲುವೆ ಕೆತ್ತಿ, ಒಣ ನೆಲ ತಣಿಯುವಷ್ಟೇ ನೀರು ಬಿಟ್ಟು, ಅದರ ಗುಂಟ ಹಳೆಯ ತಿಪ್ಪೆಗೊಬ್ಬರ ಹರಡುತ್ತ ಹೋದಳು. ಹುಳಗಳು ಆ ತೇವದ ದಾರಿ ಹಿಡಿದವು. ಹೊತ್ತು ಮುಳುಗಿದರೂ ನಾನು ಏಳಲಿಲ್ಲ, ಕೊನೆಯ ಇರುವೆ ಮೊಣಕಾಲು ಇಳಿಯುವ ತನಕ ಕೂತಿದ್ದೆ.

ಮರುದಿನ ಕಟ್ಟೆ ಹತ್ತಿದೆ. ಈಗಿನ ಮಾತು ಹೇಳುವ ಮೊದಲು ಹಿಂದಿನ ಮಾತು ವಾಪಸು ತಗೊಳ್ಳಬೇಕು ಅಂದೆ.

"ಗಟ್ಟಿಪೇಟಿ ನೆಲ ನಿಂತಿಲ್ಲ, ಸತ್ತೈತಿ. ನಾ ಹೆಣದ ಮ್ಯಾಲೆ ಕುಂತು, ಅಡ್ಡಬಿದ್ದು ಬಂದು, ನಿಮಗೆಲ್ಲ ಕಟ್ರಿ ಅಂದೆ. ಈಗ ಅದ ಸಾವು ಕೆರಿ ಕಡೆ ಬರಾಕ ಹತ್ತೇತಿ. ಹೊಂಡ ಬ್ಯಾಡ."

ಗದ್ದಲವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಗಟ್ಟಿಪೇಟೆಯಲ್ಲಿ ಅಂಗಡಿಯಿದ್ದವರು, ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದವರು ನನ್ನ ಮುಖವನ್ನೇ ನೋಡುತ್ತ ಕೂತರು. ಮಾತು ವಾಪಸು ತಗೊಂಡವನು ಇನ್ನೆಂದೂ ಯಾವ ನೆಲಕ್ಕೂ ಕೂಡುವಂತಿಲ್ಲ, ಅದು ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹೆಸರು ಒಂದು ಉಸಿರಿಗೆ ಹೋಯಿತು. ಸುದರ್ಶನ ಸಾಹೇಬರು ತಮ್ಮ ಕಾಗದ ಮಡಚಿ, ಬಿಚ್ಚಿ, ಇದಕ್ಕೆ ಅಳತೆಯ ಆಧಾರವೇನಾದರೂ ಇದೆಯೇ ಎಂದು ಸೌಜನ್ಯದಿಂದಲೇ ಕೇಳಿದರು. ನನ್ನ ತೊಡೆ ಅಂದರೆ ಅವರು ಏನು ಬರೆದುಕೊಳ್ಳುತ್ತಾರೆ?

ಆಗ ಮೌನೇಶಾಚಾರ್ಯರು ಎದ್ದರು. ನಾನು ನಿಂತ ದಿಕ್ಕು ತಪ್ಪಿ, ಪಕ್ಕದ ಕಂಬಕ್ಕೆ ಮುಖಮಾಡಿ ಮಾತಾಡಿದರು.

"ಅಕ್ಕನ ಹೊಲಾ ಉಳಿಸ್ಕೊಳ್ಳಾಕ ಹಿಂಗ ಹೇಳ್ತಿ ವಿರುಪಣ್ಣ. ನಿನ್ನ ಕಣ್ಣು ನಿನಗದಾವ. ನನಗ ಅನುಮಾನ ಐತಿ."

ಅನುಮಾನ ಪಟ್ಟವರೇ ಕೂಡಬೇಕು. ಸಾಹೇಬರ ಮುಖ ಅರಳಿತು. ಆಪರೇಷನ್ನಿಗಾಗಿ ಕಾದು ಕೂತ ಮುದುಕ ಏನು ಹೇಳುತ್ತಾನೆಂದು ಯಾರಿಗೆ ತಿಳಿಯದು? ಆ ರಾತ್ರಿಯಿಡೀ ನಾನು ಎದ್ದೇ ಇದ್ದೆ. ಅಕ್ಕ ಮಾತ್ರ ನಿದ್ದೆ ಮಾಡಿದಳಂತೆ.

ಬೆಳಿಗ್ಗೆ ಆಚಾರ್ಯರನ್ನು ಅವರ ಮಗಳು ಕೈಹಿಡಿದು ಕರೆತಂದು ಕೂಡಿಸಿದಳು. ಗೆರೆ ಅಷ್ಟರಲ್ಲಿ ನಾನು ಕೂತಲ್ಲಿಂದ ನಾಲ್ಕು ಮಾರು ಕೆಳಗೆ ಬಂದಿತ್ತು. ಊರವರೆಲ್ಲ ಕೆರೆಯ ಏರಿಯ ಮೇಲೆ ಕೂತೆವು, ಸಾಹೇಬರೂ ಕೂತರು. ದೂರಕ್ಕೆ ಆಚಾರ್ಯರ ರುಮಾಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಮಧ್ಯಾಹ್ನದ ತನಕ ಆ ರುಮಾಲು ನೆಲದ ಜೊತೆ ಮೆಲ್ಲಗೆ ಏರಿ ಇಳಿಯಿತು, ಆಮೇಲೆ ಸ್ವಲ್ಪ ವಾರೆಯಾಯಿತು, ಆಮೇಲೆ ಒಂದು ಮಗ್ಗುಲಿಗೆ ಮಾತ್ರ ಅಲುಗಾಡತೊಡಗಿತು. ಹೆಂಗಸರಲ್ಲಿ ಯಾರೋ ಸಣ್ಣಗೆ ಅಯ್ಯೋ ಶಿವನೇ ಅಂದರು. ಇನ್ನೂ ಸ್ವಲ್ಪ ಹೊತ್ತಿಗೆ ಆಚಾರ್ಯರು ಬಲಗೈಯನ್ನು ಮಡಿಲಿಂದ ಎತ್ತಿ, ಮುಖದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದುಕೊಂಡರು. ಆ ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಆದರೆ ಅಕ್ಕಿಕಾಳಿನಷ್ಟು ಚಿನ್ನ ಹೆಚ್ಚುಕಡಿಮೆಯಾದರೂ ತಕ್ಕಡಿಯಿಲ್ಲದೆ ಹೇಳಬಲ್ಲ ಅಂಗೈ ಅದು. ಕೈಯನ್ನು ಹಾಗೇ ಎಷ್ಟೋ ಹೊತ್ತು ಹಿಡಿದಿದ್ದರು, ಆಮೇಲೆ ಬಹಳ ಮೆಲ್ಲಗೆ ಅದನ್ನು ನೆಲಕ್ಕೆ ತಾಗಿಸಿದರು, ಮೇಲಿದ್ದದ್ದು ಇಳಿದು ಹೋಗಲಿ ಎಂದು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಹೊತ್ತು ಮುಳುಗುವ ತನಕ ಅವರು ಮಾಡಿದ್ದು ಅದೊಂದೇ ಕೆಲಸ.

ಮರುದಿನದ ತನಕ ಕಾಯಲಿಲ್ಲ. ಹೊತ್ತು ಮುಳುಗಿದ್ದೇ ನಾವೆಲ್ಲ ಇಳಿಜಾರು ಹತ್ತಿ ಹೋದೆವು. ಆಚಾರ್ಯರ ಧೋತರ, ತೋಳು, ಗಡ್ಡ ಎಲ್ಲ ಮಣ್ಣಾಗಿತ್ತು. ಸಾಹೇಬರು ಎಲ್ಲಿದ್ದಾರೆ ಎಂದು ಕೇಳಿ, ದನಿ ಬಂದ ಕಡೆಗೆ ತಿರುಗಿದರು.

"ಕೆಳಗ ಮಂದಿ ಅದಾರ್ರೀ" ಅಂದರು. "ಮನಿ ಬಿಟ್ಟು ಹೊಂಟಾರ. ಕೂಸುಮಕ್ಕಳನ್ನ ಎತ್ತಿಕೊಂಡು ಹೊಂಟಾರ. ಅವರ ಮ್ಯಾಲೆ ಹೊಂಡ ತಗೀಬ್ಯಾಡ್ರಿ."

ಸಾಹೇಬರು ಕಾಗದವನ್ನು ಕಿಸೆಗೆ ಹಾಕಿಕೊಂಡರು. ಮೇಲಿನವರಿಗೆ ಬರೆಯುತ್ತೇನೆ ಎಂದಷ್ಟೇ ಹೇಳಿ ಹೋದರು. ಆ ಇಳಿಜಾರಿಗೆ ಹೊಂಡ ಬರಲಿಲ್ಲ. ತುಂಬಿದ ಹಳೆಯ ಹೊಂಡದ ಗತಿ ಏನೆಂದು ಇನ್ನೂ ತೀರ್ಮಾನವಾಗಿಲ್ಲ. ಗಟ್ಟಿಪೇಟೆಯ ಮಣ್ಣಿಗೆ ಗೊಬ್ಬರ, ಕೊಳೆತ ಹುಲ್ಲು ಬೆರೆಸಿ ಅಗೆಯುವ ಕೆಲಸಕ್ಕೆ ದಿನಾ ಮನೆಗೊಬ್ಬರು ಹೋಗುತ್ತೇವೆ. ನೆಲ ಮತ್ತೆ ಏಳುತ್ತದೆಯೇ ಎಂದು ನನ್ನನ್ನು ಕೇಳುವವರಿಲ್ಲ, ಅಕ್ಕನನ್ನು ಕೇಳುತ್ತಾರೆ. ಅವಳು ಗೊತ್ತಿಲ್ಲ ಅನ್ನುತ್ತಾಳೆ. ಆಸ್ಪತ್ರೆಯೂ ಬರಲಿಲ್ಲ.

ಸಾಹೇಬರು ಹೋದ ಆ ಸಂಜೆ ಎಲ್ಲರೂ ಚದುರಿದ ಮೇಲೆ ಮೌನೇಶಾಚಾರ್ಯರು ಕೈಚಾಚಿ ನನ್ನ ತೋಳು ಹುಡುಕಿ ಹಿಡಿದುಕೊಂಡರು. ಅಂಗಡಿಗೆ ಬೇಡ, ಊರೊಳಗಿನ ಹಳೆಯ ಮನೆಗೆ ಕರೆದುಕೊಂಡು ಹೋಗು ಅಂದರು. ಅಕ್ಕ ಮುಂದೆ, ನಾವಿಬ್ಬರು ಹಿಂದೆ. ಗೆರೆ ದಾಟಿ ಉಸಿರಾಡುವ ನೆಲಕ್ಕೆ ಕಾಲಿಟ್ಟದ್ದೇ ಇಬ್ಬರೂ ಮುಗ್ಗರಿಸಿದೆವು. ಹೆಜ್ಜೆ ಇಳಿಸುವಾಗ ನೆಲ ಎದುರು ಬರುತ್ತಿತ್ತು, ಕಾಲು ಎತ್ತುವಾಗ ಕೆಳಗೆ ಸರಿಯುತ್ತಿತ್ತು. ಗಟ್ಟಿಪೇಟೆಯ ವರ್ಷಗಳಲ್ಲಿ ನಮ್ಮ ಕಾಲುಗಳು ಎಲ್ಲವನ್ನೂ ಮರೆತಿದ್ದವು. ಹುಟ್ಟಿದ ಊರಲ್ಲಿ ಇಬ್ಬರು ಗಂಡಸರು, ಒಬ್ಬ ಕುರುಡ, ಒಬ್ಬ ಕಣ್ಣಿದ್ದವ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಗರಿಯ ಹಾಗೆ ವಾಲಾಡುತ್ತಿದ್ದೆವು. ಅಕ್ಕ ತಿರುಗಿ ನೋಡಿದಳು. ನಗಲಿಲ್ಲ. ನೆಲ ಎದ್ದಾಗ ನಿಲ್ರಿ, ಇಳಿಯುವಾಗ ಅದರ ಜೊತೆಗೇ ಹೆಜ್ಜೆ ಇಳಿಸ್ರಿ ಎಂದು ಹೇಳಿಕೊಟ್ಟಳು. ಹಾಗೆ ಹತ್ತು ಹೆಜ್ಜೆ ನಡೆದ ಮೇಲೆ ಆಚಾರ್ಯರು ನಿಂತುಬಿಟ್ಟರು.

"ವಿರುಪಣ್ಣ, ಕೆಳಗಿನವರಿಗೆ ನಾವು ಭಾರ ಆಗ್ತೇವೇನೋ?" ಎಂದು ಮೆಲ್ಲಗೆ ಕೇಳಿದರು.

ನಾನು ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ನನ್ನ ತೋಳು ಬಗ್ಗಿದ್ದರಿಂದ ಅವರಿಗೆ ಗೊತ್ತಾಗಿರಬೇಕು, ಅವರೂ ಬಿಚ್ಚಿದರು.